ಬಹುದು

ಈರಿ ಪಟ್ಟಣದ ಹನ್ನೆರಡನೇ ಬೀದಿಯ ಲಾಂಡ್ರಿಯಲ್ಲಿ
ರಾತ್ರಿ ಪಾಳಿ ನನ್ನದು.
ಮಂಗಳವಾರ ಏಳಕ್ಕೆ ಯೂನಿಸ್ ವೊಯ್ಟೋವಿಚ್ ಬರುತ್ತಾಳೆ,
ಬೂಟಿನ ಹಿಮವನ್ನು ಚಾಪೆಗೆ ಕೊಡವಿ,
ನಾಲ್ಕನೇ ನಂಬರಿನ ಯಂತ್ರಕ್ಕೆ ಹೊದಿಕೆಗಳನ್ನು ತುರುಕಿ,
ಚೀಲದಿಂದ ತೆಗೆಯುತ್ತಾಳೆ ಒಂದು ಭೂತಗನ್ನಡಿ,
ಒಂದು ಕೆಂಪು ಪೆನ್ಸಿಲ್.

ಮೂವತ್ತೊಂದು ವರ್ಷ
ಟೆಲಿಫೋನ್ ಡೈರೆಕ್ಟರಿಯ ಕರಡು ತಿದ್ದಿದವಳು.
ಇರುವೆಸಾಲಿನಲ್ಲಿ ಕುಂಟುವ ಇರುವೆ ಯಾವುದೆಂದು
ನಿಂತಲ್ಲೇ ಹೇಳಬಲ್ಲಳು.
ಹಾಗಾಗಿ ಜನ ಬಟ್ಟೆಗಂಟಿನ ಜೊತೆ
ಅಂಚೆಯಲ್ಲಿ ಬಂದ ಲಕೋಟೆಯನ್ನೂ ತರುತ್ತಾರೆ.
ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ.
ಮುಂದೆ, ಅಂಗೈಯಗಲದ ಸೊನ್ನೆ:
ಆರು ತಿಂಗಳು ಬಡ್ಡಿಯೇ ಇಲ್ಲ.
ಹಿಂದೆ, ಈರುಳ್ಳಿ ಸಿಪ್ಪೆಯಂಥ ಹಾಳೆಯಲ್ಲಿ,
ಬೂದು ಬಣ್ಣದಲ್ಲಿ,
ಉಳಿದದ್ದೆಲ್ಲ.

ಆ ವಾರ ತಂದವನು ಲಮಾಂಟ್.
ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಕೆಲಸ,
ಕಾರಿನ ಗೇರ್‌ಬಾಕ್ಸ್ ಸತ್ತಿದೆ,
ಮೆಕ್ಯಾನಿಕ್ ಕೇಳಿದ್ದು ಸಾವಿರದ ನಾನೂರು ಡಾಲರ್.
ಯೂನಿಸ್ ತುಟಿಯಲುಗಿಸದೆ ಓದಿದಳು.
ಪೆನ್ಸಿಲ್ ಸುತ್ತು ಹಾಕುತ್ತಾ ಹೋಯಿತು,
ಹಾಳೆಗೆ ದಡಾರ ಎದ್ದ ಹಾಗೆ.

"ಅಂಕಿ ನೋಡಬೇಡ ಮಗೂ, ಕ್ರಿಯಾಪದ ನೋಡು.
ನಾವು ದರವನ್ನು ಏರಿಸಬಹುದು.
ನಾವು ಯಾವ ಕ್ಷಣದಲ್ಲಾದರೂ ಷರತ್ತು ಬದಲಿಸಬಹುದು.
ಕಾರಣ ಹೇಳದೆಯೂ ಇರಬಹುದು.
ಬಹುದು ಅನ್ನುವುದೆಲ್ಲ ಅವರ ಪಾಲು.
ಈಗ ನಿನ್ನದು ಕೇಳು:
ನೀವು ಪಾವತಿಸತಕ್ಕದ್ದು. ನೀವು ಒಪ್ಪತಕ್ಕದ್ದು.
ನೀವು ಇದನ್ನೆಲ್ಲ ಓದಿ ತಿಳಿದಿರತಕ್ಕದ್ದು.
ಇಡೀ ಹಾಳೆಯಲ್ಲಿ ನಿನಗೆಂದು ಒಂದೇ ಒಂದು ಬಹುದು ಸಿಕ್ಕರೆ
ಇವತ್ತಿನ ಒಗೆತದ ಕಾಸು ನನ್ನದು."

ಹುಡುಕಿದ.
ಡ್ರೈಯರಿನೊಳಗೆ ಯಾರದೋ ಕಿತ್ತುಹೋದ ಗುಂಡಿ
ಟಕ್ ಟಕ್ ಎಂದು ಸುತ್ತುತ್ತಿತ್ತು.
ಕೊನೆಗೂ ಒಂದು ಸಿಕ್ಕಿತು:
ಸಂಶಯವಿದ್ದಲ್ಲಿ ನೀವು ನಮಗೆ ಪತ್ರ ಬರೆಯಬಹುದು.
ಯೂನಿಸ್ ನಕ್ಕಳು, ನಾಣ್ಯಗಳನ್ನು ಎಣಿಸಿ ಮೇಜಿನ ಮೇಲಿಟ್ಟಳು.

ಆಮೇಲೆ, ಯಾರೂ ಕೇಳದೆಯೇ, ಹೇಳಿದಳು.
ಗಂಡ ಸ್ಟಾನ್ ತೀರಿಕೊಂಡ ಚಳಿಗಾಲ
ಮನೆಯ ಫರ್ನೇಸೂ ಕೆಟ್ಟಿತ್ತು.
ಹೊಸದಕ್ಕೆ ಎರಡು ಸಾವಿರ, ಕಾರ್ಡು ಉಜ್ಜಿದಳು.
ಬಡ್ಡಿ ಆಗ ನೂರಕ್ಕೆ ಏಳು.
ಕಾರ್ಡಿನ ಕಂತು ಒಂದು ದಿನವೂ ತಪ್ಪಲಿಲ್ಲ.
ತಪ್ಪಿದ್ದು ಟೆಲಿಫೋನ್ ಬಿಲ್ಲು, ಬರೀ ನಾಲ್ಕು ದಿನ.
ಮುಂದಿನ ತಿಂಗಳು ಕಾರ್ಡಿನವರು ಬರೆದರು:
ಇನ್ನು ಮೇಲೆ ಇಪ್ಪತ್ತೊಂಬತ್ತು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
"ಅದೂ ಟೆಲಿಫೋನು, ನೋಡು!" ಎಂದಳು.
ಊರೆಲ್ಲರ ನಂಬರು ತಿದ್ದಿದ ಕಣ್ಣು
ತನ್ನ ಬಾಗಿಲಿಗೆ ಬಂದ ಹಾಳೆಯನ್ನು ಓದಿರಲಿಲ್ಲ.
ಸಾಲ ತೀರುವ ಮೊದಲೇ ಫರ್ನೇಸು ತೀರಿತು.

ಲಮಾಂಟ್ ತುಸು ಹೊತ್ತು ಸುಮ್ಮನಿದ್ದ.
"ಸರಿ. ಆದರೆ ಗೇರ್‌ಬಾಕ್ಸ್?"

ಆ ಪ್ರಶ್ನೆಗೆ ಭೂತಗನ್ನಡಿ ಇಲ್ಲ.
ಯೂನಿಸ್ ಸೆರಗಿಲ್ಲದ ಅಂಗಿಯ ತುದಿಯಲ್ಲಿ ಗಾಜು ಒರೆಸಿದಳು,
ಮತ್ತೆ ಒರೆಸಿದಳು.
ಕಾರ್ಖಾನೆಯವರ ಸಹಕಾರಿ ಸಂಘ ಒಂದಿದೆ ಎಂದಳು,
ಅಲ್ಲಿನ ಗುಮಾಸ್ತ ನೂರು ಪ್ರಶ್ನೆ ಕೇಳುತ್ತಾನೆ,
ಮೂರು ವಾರ ಕಾಯಿಸುತ್ತಾನೆ,
ಅವನ ಕಾಗದದಲ್ಲೂ ಬಹುದುಗಳಿವೆ, ಎರಡೇ ಎರಡು.
ಮೂರು ವಾರ, ಎಂದ ಲಮಾಂಟ್.
ಲಕೋಟೆಯ ಬೆನ್ನಿಗೆ ಬಸ್ಸಿನ ಸಮಯ ಬರೆದುಕೊಂಡ,
ಆ ದಪ್ಪ ಸೊನ್ನೆಯ ಪಕ್ಕದಲ್ಲೇ: ಐದು ಹತ್ತು.

ಮುಂದಿನ ಮಂಗಳವಾರ ನಡೆದೇ ಬಂದ,
ಹತ್ತೊಂಬತ್ತು ಬೀದಿ, ಮೊಣಕಾಲವರೆಗೆ ಒದ್ದೆ.
ಕೈಯಲ್ಲಿ ಲಕೋಟೆ ಇರಲಿಲ್ಲ.
ಮನೆಯಲ್ಲಿ ಸಹಿಯಾಗಿ ಕೂತಿರಬಹುದು,
ಕಸದ ಡಬ್ಬಿಗೆ ಹೋಗಿರಬಹುದು.
ನಾನು ಕೇಳಲಿಲ್ಲ. ಅವಳೂ ಕೇಳಲಿಲ್ಲ.
ಹೊದಿಕೆಯ ಒಂದು ತುದಿ ಅವನ ಕೈಗೆ ಕೊಟ್ಟು
ಇನ್ನೊಂದು ತುದಿ ತಾನು ಹಿಡಿದು ಮಡಿಸುತ್ತ ಅಂದಳು:
"ಹೊರಗೆ ಹಿಮ ಜೋರಾಗಿದೆ.
ಹತ್ತು ನಿಮಿಷ ಕೂತಿದ್ದರೆ
ನೀನು ನನ್ನ ಕಾರಿನಲ್ಲಿ ಬರಬಹುದು."